ಗಡಿಯಾರ ಬಿಚ್ಚಿದ ಹುಡುಗಿ: ಗ್ರೇಸ್ ಹಾಪರ್

ಕಳೆದ ತಿಂಗಳು ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿಗೆ ಸಿ ಪ್ಲಸ್ ಪ್ಲಸ್ ಕಂಪೈಲರ್ ಹಾಕಲು ಹೊರಟೆ. ಮಗ್ರಿಬ್ ನಮಾಝ್ ಮುಗಿಸಿ ಕುಳಿತವಳು ಉಮ್ಮ ಊಟಕ್ಕೆ ಕರೆದರೂ ಏಳಲಿಲ್ಲ. ಇನ್‌ಸ್ಟಾಲ್ ಆಯಿತೆಂದು ತೋರಿಸುತ್ತಿತ್ತು. ಆದರೆ ಕಮಾಂಡ್ ಕೊಟ್ಟರೆ, ಅಂಥ ಕಮಾಂಡೇ ಗೊತ್ತಿಲ್ಲವೆಂಬ ಉತ್ತರ. ಅಳಿಸಿ ಮತ್ತೆ ಹಾಕಿದೆ. ಮೂರು ಸಲವೂ ಅದೇ ಕಥೆ. ಕಂಪ್ಯೂಟರ್ ಸೈನ್ಸ್ ನನಗೆ ಹೇಳಿದ್ದಲ್ಲ, ವಿಷಯವನ್ನೇ ಬದಲಾಯಿಸಿಬಿಡೋಣ ಎನಿಸಿತು.

ಅಷ್ಟು ಕಾಡಿದ ಈ ಕಂಪೈಲರನ್ನು ಮೊದಲು ಮಾಡಿದವರು ಯಾರೆಂದು ಹುಡುಕಿದಾಗ ಸಿಕ್ಕ ಹೆಸರು ಗ್ರೇಸ್ ಹಾಪರ್.

ಗ್ರೇಸ್ ಹುಟ್ಟಿದ್ದು 1906ರಲ್ಲಿ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ನೋಡಲು ಒಂದನ್ನು ಬಿಚ್ಚಿದರು. ಜೋಡಿಸಲಾಗದೆ ಇನ್ನೊಂದನ್ನು ಬಿಚ್ಚಿದರು. ಹೀಗೆ ಮನೆಯ ಏಳು ಗಡಿಯಾರಗಳೂ ಬಿಡಿಬಿಡಿಯಾದವು. ತಾಯಿ ಗಡಿಯಾರ ಬಿಚ್ಚುವುದನ್ನು ಪೂರ್ತಿ ನಿಲ್ಲಿಸಲಿಲ್ಲ, ಒಂದೇ ಒಂದಕ್ಕೆ ಸೀಮಿತಗೊಳಿಸಿದರು.

ವಾಸರ್ ಕಾಲೇಜಿನ ಪ್ರವೇಶಕ್ಕೆ ಮೊದಲ ಸಲ ಯತ್ನಿಸಿದಾಗ ಲ್ಯಾಟಿನ್ ಪರೀಕ್ಷೆಯಲ್ಲಿ ಅಂಕ ಸಾಲದೆ ಒಂದು ವರ್ಷ ಕಾಯಬೇಕಾಯಿತು. ಅದೇ ಕಾಲೇಜಿನಲ್ಲಿ ಮುಂದೆ ಗಣಿತ ಕಲಿಸಿದರು. 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ ಸೇರಲು ಹೋದಾಗ ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು ಎಂಬ ಅಡ್ಡಿಗಳು ಬಂದವು. ಪಟ್ಟು ಬಿಡದೆ 1943ರಲ್ಲಿ ಮೀಸಲು ಪಡೆ ಸೇರಿದರು.

1944ರಲ್ಲಿ ಅವರನ್ನು ಹಾರ್ವರ್ಡ್‌ಗೆ ಕಳುಹಿಸಲಾಯಿತು. ಅಲ್ಲಿದ್ದ ಮಾರ್ಕ್ 1 ಯಂತ್ರ 51 ಅಡಿ ಉದ್ದವಿತ್ತು. ಅಂಥದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಅದಕ್ಕೆ ಆದೇಶ ಕೊಡಬೇಕಿತ್ತು. ಕಲಿಸುವ ಪುಸ್ತಕವೂ ಇರಲಿಲ್ಲ. ಮಾಡಿ, ತಪ್ಪಿ, ತಿದ್ದಿ ಕಲಿತರು. ಬಳಿಕ ಆ ಯಂತ್ರದ ಕೈಪಿಡಿಯನ್ನು ಬರೆಯುವ ಕೆಲಸ ಅವರದೇ ಆಯಿತು. 1946ರಲ್ಲಿ ಬಂದ ಆ ಪುಸ್ತಕ ಐನೂರಕ್ಕೂ ಹೆಚ್ಚು ಪುಟಗಳದ್ದು.

ಸರಿಯಾಗಿ ನಡೆದ ಆದೇಶಗಳನ್ನು ಅಲ್ಲಿನ ಪ್ರೋಗ್ರಾಮರ್‌ಗಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಒಬ್ಬರದನ್ನು ಒಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲೇ ತಪ್ಪು ನುಸುಳುತ್ತಿತ್ತು. ‘ಬಿ’ ಎಂಬ ಇಂಗ್ಲಿಷ್ ಅಕ್ಷರ 13 ಆಗಿಬಿಡುತ್ತಿತ್ತು! ಈ ನಕಲಿನ ಕೆಲಸವನ್ನು ಯಂತ್ರವೇ ಏಕೆ ಮಾಡಬಾರದು ಎಂದು ಗ್ರೇಸ್ ಯೋಚಿಸಿದರು. 1952ರಲ್ಲಿ ಯುನಿವ್ಯಾಕ್ ಕಂಪ್ಯೂಟರ್‌ಗಾಗಿ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಟೇಪಿನಲ್ಲಿದ್ದ ಸಿದ್ಧ ತುಣುಕುಗಳನ್ನು ಅವುಗಳ ಸಂಖ್ಯೆಯಿಂದ ಹುಡುಕಿ ಜೋಡಿಸುವುದು ಅದರ ಕೆಲಸ. ಇಂದಿನ ಕಂಪೈಲರಿನ ಮುಂದೆ ಅದು ಬಹಳ ಸರಳ. ಆದರೂ ಕಂಪ್ಯೂಟರ್ ಲೆಕ್ಕ ಮಾಡುವುದಲ್ಲದೆ ಪ್ರೋಗ್ರಾಮನ್ನೂ ಜೋಡಿಸಬಲ್ಲದು ಎಂಬುದನ್ನು ಹಲವರು ನಂಬಲೇ ಇಲ್ಲ.

ಗ್ರೇಸ್ ಅಲ್ಲಿಗೆ ನಿಲ್ಲಲಿಲ್ಲ. ಇಂಗ್ಲಿಷ್ ಪದಗಳಲ್ಲೇ ಆದೇಶ ಬರೆಯುವ ಫ್ಲೋ-ಮ್ಯಾಟಿಕ್ ಭಾಷೆ ರೂಪಿಸಿದರು. 1959ರಲ್ಲಿ ಆರಂಭವಾದ ಕೋಬಾಲ್ ಭಾಷೆಗೆ ಅದು ದಾರಿಯಾಯಿತು. 1986ರಲ್ಲಿ, 79ನೇ ವಯಸ್ಸಿನಲ್ಲಿ ರಿಯರ್ ಅಡ್ಮಿರಲ್ ಆಗಿ ನಿವೃತ್ತರಾದರು. 1992ರ ಜನವರಿ 1ರಂದು ತೀರಿಕೊಂಡರು.

ಅವರ ಬದುಕನ್ನು ಓದಿದ ಮೇಲೆ ನಾನು ಮತ್ತೆ ಲ್ಯಾಪ್‌ಟಾಪ್ ತೆರೆದೆ. ಈ ಸಲ ಏನನ್ನೂ ಅಳಿಸಲಿಲ್ಲ. ಮಾಡಿದ್ದನ್ನು, ಬಂದ ಎರರನ್ನು ಒಂದೊಂದಾಗಿ ಬರೆದುಕೊಂಡೆ. ಆಗ ಗೊತ್ತಾಯಿತು, ಕಂಪೈಲರ್ ಮೊದಲ ಸಲವೇ ಸರಿಯಾಗಿ ಕೂತಿತ್ತು. ಅದು ಯಾವ ಫೋಲ್ಡರಿನಲ್ಲಿದೆ ಎಂದು ವಿಂಡೋಸ್‌ಗೆ ಹೇಳುವ ‘ಪಾತ್’ ಎಂಬಲ್ಲಿ ಒಂದು ಸಾಲು ಸೇರಿಸುವುದಷ್ಟೇ ಬಾಕಿಯಿತ್ತು. ಸೇರಿಸಿ, ಕಿಟಕಿ ಮುಚ್ಚಿ ತೆರೆದಾಗ ನನ್ನ ಮೊದಲ ಪ್ರೋಗ್ರಾಂ ಓಡಿತು.

ಆ ಹಂತಗಳೆಲ್ಲ ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿವೆ. ಬೇಕಾದವರು ಕೇಳಿ ಪಡೆಯಬಹುದು. ನಕಲು ಮಾಡುವಾಗ ಮಾತ್ರ ಸ್ವಲ್ಪ ಎಚ್ಚರ!