ಗದ್ದೆ ಅಗೆದವರ ಮಕ್ಕಳಿಗೆ ಅಕ್ಷರ ಕೊಟ್ಟ ಕುದ್ಮುಲ್ ರಂಗರಾಯರು

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಒಬ್ಬ ಹಿರಿಯರನ್ನು ನೆನೆಯದಿದ್ದರೆ ನಾವು ಋಣ ಮರೆತ ಹಾಗೆ. ಅವರೇ ಕುದ್ಮುಲ್ ರಂಗರಾಯರು.

ಇವತ್ತು ನಂತೂರು ಎಂದರೆ ಹೆದ್ದಾರಿಗಳು ಕೂಡುವ ವೃತ್ತ, ಹಗಲಿರುಳು ಲಾರಿ ಬಸ್ಸುಗಳ ಗದ್ದಲ. ರಂಗರಾಯರ ಕಾಲದ ತುಳುನಾಡು ನಿಂತಿದ್ದುದು ಬೈಲು, ಮಜಲು, ಬೆಟ್ಟು ಗದ್ದೆಗಳ ಮೇಲೆ. ಮಳೆ ಬಿದ್ದ ಕೂಡಲೇ ಏಣೆಲು ಬೆಳೆಯ ಕೆಲಸ ಸುರು. ನೇಗಿಲು ಹೋಗದ ಮೂಲೆಗಳನ್ನು ಕೊಟ್ಟು-ಪಿಕ್ಕಾಸಿನಲ್ಲಿ ಅಗೆಯಬೇಕು, ಹುಣಿ ಕೆತ್ತಿ ಕೆಸರು ಮೆತ್ತಬೇಕು, ಗೊಬ್ಬರ ಹೊರಬೇಕು. ಹೆಂಗಸರು ಗೊರಬು ಹಾಕಿಕೊಂಡು ದಿನವಿಡೀ ಬಗ್ಗಿ ನೇಜಿ ನೆಡಬೇಕು. ಈ ದುಡಿಮೆಯ ದೊಡ್ಡ ಪಾಲು ಮೂಲದಾಳುಗಳೆಂದು ಕರೆಸಿಕೊಂಡ ದಲಿತರ ಹೆಗಲ ಮೇಲಿತ್ತು. ತಲೆತಲಾಂತರದಿಂದ ಒಂದೇ ಒಡೆಯರ ಮನೆಗೆ ಕಟ್ಟುಬಿದ್ದವರು. ಕೂಲಿ ಎಂದರೆ ಸೇರು ಲೆಕ್ಕದ ಭತ್ತವೋ ಅಕ್ಕಿಯೋ. ತಾವು ಅಗೆದ ನೆಲದಲ್ಲಿ ತಮ್ಮದೆಂಬ ಒಂದು ಸೆಂಟ್ಸ್ ಜಾಗವಿಲ್ಲ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಮೇಷ್ಟ್ರಾದರು, ಆಮೇಲೆ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಪರವಾಗಿ ನಿಲ್ಲುವ ವಕೀಲರೆಂದು ಹೆಸರಾಯಿತು. ಬ್ರಹ್ಮಸಮಾಜದ ವಿಚಾರ ಅವರ ಮನಸ್ಸಿಗೆ ಹಿಡಿಸಿತ್ತು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧ ಎಷ್ಟಿತ್ತೆಂದರೆ ಶಾಲೆಯ ಜಾಗ ಬದಲಿಸಬೇಕಾಯಿತು. ರಾಯರು ಬಿಡಲಿಲ್ಲ. ಕಂಕನಾಡಿ, ಬೋಳೂರು, ಅತ್ತಾವರ ಹೀಗೆ ಒಂದೊಂದೇ ಶಾಲೆ ಎದ್ದಿತು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಮೇಲ್ಜಾತಿಯ ಮೇಷ್ಟ್ರುಗಳು ಬರಲೊಪ್ಪದಾಗ ಬ್ರಹ್ಮಸಮಾಜದವರು, ಕ್ರೈಸ್ತರು ಬಂದು ಕಲಿಸಿದರು.

ಇಲ್ಲೊಂದು ಮಾತು ಗಮನಿಸಬೇಕು. ಮಗು ಶಾಲೆಗೆ ಹೋದರೆ ಗದ್ದೆಯಲ್ಲಿ ಎರಡು ಕೈ ಕಡಿಮೆ, ಮನೆಯಲ್ಲಿ ಅಷ್ಟು ಗಂಜಿ ಕಡಿಮೆ. ಇದು ರಾಯರಿಗೆ ಗೊತ್ತಿತ್ತು. ಅದಕ್ಕೇ ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿದರು, ದಿನಕ್ಕೆ ಎರಡು ಪೈಸೆಯನ್ನೂ ಕೊಟ್ಟರು. ಓದಿನ ಜೊತೆ ನೇಯ್ಗೆ, ಬಡಗಿ ಕೆಲಸ ಕಲಿಸಿದರು. ಭೂಮಿಯಿಲ್ಲದ ಕುಟುಂಬಗಳಿಗೆ ಸರಕಾರದಿಂದ ಜಾಗ ಕೊಡಿಸಲು ಓಡಾಡಿದರು.

ಇದಕ್ಕೆಲ್ಲ ಬೆಲೆ ತೆರಬೇಕಾಯಿತು. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಅವರು ಹೆದರಲಿಲ್ಲ. ಮಗಳು ರಾಧಾಬಾಯಿಯವರನ್ನು ಬೇರೆ ಜಾತಿಯ ಡಾ. ಪಿ. ಸುಬ್ಬರಾಯನ್ ಅವರಿಗೆ ಮದುವೆ ಮಾಡಿಕೊಟ್ಟರು. ಮುಂದೆ ದೇಶದ ಭೂಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ಈ ದಂಪತಿಗಳ ಮಗ.

ಕೊನೆಗಾಲದಲ್ಲಿ ಸನ್ಯಾಸ ತೆಗೆದುಕೊಂಡ ರಾಯರು 1928ರ ಜನವರಿ 30ರಂದು ತೀರಿಕೊಂಡರು. ಅವರ ಇಚ್ಛೆಯಂತೆ ದಲಿತರೇ ಅವರ ಅಂತ್ಯಸಂಸ್ಕಾರ ನಡೆಸಿದರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯೂ ಅವರ ಕೆಲಸವನ್ನು ನೆನೆದರು. ನಗರದ ಪುರಭವನಕ್ಕೆ ಇಂದು ಅವರದೇ ಹೆಸರು.

1974ರ ಭೂಸುಧಾರಣೆ ಕಾನೂನಿನಿಂದ ನಮ್ಮ ಜಿಲ್ಲೆಯಲ್ಲಿ ಅನೇಕ ಗೇಣಿದಾರರು ಭೂಮಿಯ ಒಡೆಯರಾದರು. ಗೇಣಿಚೀಟಿಯೂ ಇಲ್ಲದೆ ಬರೇ ಕೂಲಿಗೆ ಅಗೆದವರಿಗೆ ಅಷ್ಟು ದಕ್ಕಲಿಲ್ಲ. ಅವರ ಮನೆಗಳಿಗೆ ಆಸರೆಯಾದದ್ದು ರಾಯರು ಹಚ್ಚಿದ ಅಕ್ಷರದ ದೀಪ. ಸಹಕಾರ ಸಂಘದಲ್ಲಿ ಪಾಲು ಎಷ್ಟೇ ಇರಲಿ, ಸದಸ್ಯನೊಬ್ಬನಿಗೆ ಒಂದೇ ಮತ. ಅಂಗಳದಾಚೆ ನಿಂತವರ ಮೊಮ್ಮಕ್ಕಳು ಮಹಾಸಭೆಯಲ್ಲಿ ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಾಗ, ರಾಯರನ್ನು ಒಂದು ಗಳಿಗೆ ನೆನೆಯೋಣ.