ಹೊಸ್ತಿಲಿಲ್ಲದ ಮನೆ ಕಟ್ಟಿಸಿದ ರೂಸ್‌ವೆಲ್ಟ್



ಫ್ರಾಂಕ್ಲಿನ್ ಡಿ. ರೂಸ್‌ವೆಲ್ಟ್ ಎಂಬ ಹೆಸರನ್ನು ಇತಿಹಾಸದ ತರಗತಿಯಲ್ಲಿ ನಾವೆಲ್ಲ ಕೇಳಿದ್ದೇವೆ. ನಾಲ್ಕು ಸಲ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದವರು, ಎರಡನೇ ಮಹಾಯುದ್ಧದ ಕಾಲದ ನಾಯಕರು. ಆದರೆ ನಾನಿಲ್ಲಿ ಬರೆಯುತ್ತಿರುವುದು ಅವರ ಮನೆಗಳ ಬಗ್ಗೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ಮೂರು ವರ್ಷದ ಹಿಂದೆ ನಮ್ಮ ಅಬ್ಬಾ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಗಾಲಿಕುರ್ಚಿಯಲ್ಲೇ ಇದ್ದಾರೆ. ನಮ್ಮ ಬಾಡಿಗೆ ಮನೆಗೆ ನಾಲ್ಕು ಮೆಟ್ಟಿಲು. ಇಬ್ಬರು ಎತ್ತಿದರೆ ಮಾತ್ರ ಅವರು ಹೊರಗೆ ಬರಬೇಕು. ಕೊನೆಗೆ ಹೊಲ ಮಾರಿದ ಹಣದಲ್ಲಿ ಸ್ವಂತ ಮನೆ ಕೊಳ್ಳೋಣವೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಊರು ತಿರುಗಿದೆವು. ಎಲ್ಲಿ ನೋಡಿದರೂ ಎತ್ತರದ ಕಟ್ಟೆ, ದಪ್ಪ ಹೊಸ್ತಿಲು, ಇಕ್ಕಟ್ಟಾದ ಬಚ್ಚಲ ಬಾಗಿಲು. ಒಂದು ಕಡೆಯಂತೂ ಮನೆ ತೋರಿಸಲು ಬಂದವರು ಅಬ್ಬಾ ಅವರನ್ನು ಆಟೋದಲ್ಲೇ ಕೂಡಿಸಿ, ನಮ್ಮನ್ನಷ್ಟೇ ಒಳಗೆ ಕರೆದೊಯ್ದರು. ಹಣ ಕೊಡುವವರು ಹೊರಗೆ, ನೋಡುವವರು ಒಳಗೆ! ಅದೇ ವಾರ ಗ್ರಂಥಾಲಯದಲ್ಲಿ ರೂಸ್‌ವೆಲ್ಟರ ಜೀವನ ಓದಿದೆ.

ಅವರು ಹುಟ್ಟಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ, ದೊಡ್ಡ ಶ್ರೀಮಂತರ ಮನೆಯಲ್ಲಿ. 1921ರ ಆಗಸ್ಟ್‌ನಲ್ಲಿ, 39ನೇ ವಯಸ್ಸಿನಲ್ಲಿ, ರಜೆಗೆಂದು ಹೋಗಿದ್ದ ದ್ವೀಪದಲ್ಲಿ ಜ್ವರ ಬಂತು. ಕೆಲವೇ ದಿನಗಳಲ್ಲಿ ಎರಡೂ ಕಾಲುಗಳ ಶಕ್ತಿ ಹೋಯಿತು. ಪೋಲಿಯೊ ಎಂದು ವೈದ್ಯರು ಹೇಳಿದರು.

ಹುಟ್ಟಿ ಬೆಳೆದ ಮನೆಯೇ ಅವರಿಗೆ ಪರಕೀಯವಾಯಿತು. ಮೇಲಂತಸ್ತಿಗೆ ಹೋಗಲು ಪೆಟ್ಟಿಗೆಗಳನ್ನು ಸಾಗಿಸುವ ಒಂದು ಲಿಫ್ಟ್ ಇತ್ತು. ಅದರಲ್ಲಿ ಕುಳಿತು, ತಮ್ಮ ಕೈಯಿಂದಲೇ ಹಗ್ಗ ಎಳೆದುಕೊಂಡು ಮೇಲೆ ಹೋಗುತ್ತಿದ್ದರು. ಅವರಿಗೆ ಬೆಂಕಿಯ ಭಯ ಬಹಳ. ಮನೆಗೆ ಬೆಂಕಿ ಬಿದ್ದರೆ ಓಡಲಾಗದವನ ಗತಿಯೇನು ಎಂಬ ಯೋಚನೆ. ಆ ಕಾಲದ ಗಾಲಿಕುರ್ಚಿಗಳು ಅಗಲ, ಭಾರ. ಆದ್ದರಿಂದ ಕೈಗಳಿಲ್ಲದ ಸಾಧಾರಣ ಮರದ ಕುರ್ಚಿಗೇ ಗಾಲಿ ಹಾಕಿಸಿಕೊಂಡರು. ಅದು ಯಾವ ಬಾಗಿಲಲ್ಲೂ ತೂರುತ್ತಿತ್ತು.

1924ರಲ್ಲಿ ಜಾರ್ಜಿಯಾ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಚಿಲುಮೆಗೆ ಹೋದರು. ಕಾಲು ವಾಸಿಯಾಗಲಿಲ್ಲ, ಆದರೆ ನೀರಿನಲ್ಲಿ ದೇಹ ಹಗುರಾಗಿ ಅವರು ತಾವೇ ನಿಲ್ಲಬಲ್ಲವರಾದರು. ಅವರಿಂದ ಕೇಳಿ ಬೇರೆ ರೋಗಿಗಳೂ ಬರತೊಡಗಿದರು. ಅಲ್ಲಿಯ ಹೋಟೆಲಿನ ಇತರ ಅತಿಥಿಗಳು ಇವರ ಜೊತೆ ಊಟ ಮಾಡಲು ಒಪ್ಪಲಿಲ್ಲ. 1926ರಲ್ಲಿ ರೂಸ್‌ವೆಲ್ಟ್ ಆ ಜಾಗವನ್ನೇ ಕೊಂಡರು! ಬೆಲೆ ಸುಮಾರು 2 ಲಕ್ಷ ಡಾಲರ್, ಅವರ ಸ್ವಂತ ಆಸ್ತಿಯ ಬಹುಭಾಗ. ಮಕ್ಕಳ ಓದಿಗೆ ಹಣ ಉಳಿಯುವುದೇ ಎಂದು ಪತ್ನಿ ಎಲೀನರ್ ಚಿಂತಿಸಿದರು. ಮರುವರ್ಷ ಅಲ್ಲೊಂದು ಪ್ರತಿಷ್ಠಾನ ಸ್ಥಾಪಿಸಿ ಚಿಕಿತ್ಸಾ ಕೇಂದ್ರ ನಡೆಸಿದರು.

ಒಂದು ಕೊರತೆಯನ್ನೂ ಹೇಳಲೇಬೇಕು. ಆ ಕೇಂದ್ರದಲ್ಲಿ ಕಪ್ಪು ಜನಾಂಗದ ರೋಗಿಗಳಿಗೆ ಪ್ರವೇಶವಿರಲಿಲ್ಲ. ಅವರಿಗಾಗಿ ಟಸ್ಕೀಗಿಯಲ್ಲಿ ಬೇರೊಂದು ಕೇಂದ್ರ ತೆರೆದದ್ದು 1941ರಲ್ಲಿ. ಹೊಸ್ತಿಲ ನೋವು ಅರಿತವರ ಮನೆಯಲ್ಲೂ ಬೇರೆಯವರಿಗೆ ಬಾಗಿಲು ಮುಚ್ಚಿರಬಹುದು ಎಂಬುದು ನನಗೆ ಇದರಿಂದ ತಿಳಿಯಿತು.

1932ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ ಮೇಲೆ ಶ್ವೇತಭವನಕ್ಕೆ ಇಳಿಜಾರುಗಳು ಬಂದವು. ಆದರೂ ಅವರಿಗೆ ಬೇಕಾದಂಥ ಮನೆ ಸಿಕ್ಕಿದ್ದು 1939ರಲ್ಲಿ. ಹೈಡ್ ಪಾರ್ಕ್‌ನ ಗುಡ್ಡದ ಮೇಲೆ ತಾವೇ ನಕ್ಷೆ ಬರೆದು, ವಾಸ್ತುಶಿಲ್ಪಿ ಹೆನ್ರಿ ಟೂಂಬ್ಸ್ ಅವರ ನೆರವಿನಿಂದ ಕಟ್ಟಿಸಿದ ಆ ಮನೆಯ ಹೆಸರು ಟಾಪ್ ಕಾಟೇಜ್. ಅದರಲ್ಲಿ ಹೊಸ್ತಿಲಿಲ್ಲ. ಕುಳಿತವರಿಗೂ ಹೊರಗೆ ಕಾಣುವಂತೆ ಕಿಟಕಿಗಳು ತಗ್ಗಿನಲ್ಲಿವೆ. ಪಡಸಾಲೆಯಿಂದ ಅಂಗಳಕ್ಕೆ ಮೆಟ್ಟಿಲ ಬದಲು ಮಣ್ಣಿನ ಇಳಿಜಾರು. ಗಾಲಿಕುರ್ಚಿ ಬಳಸುವವರು ತಮಗಾಗಿ ತಾವೇ ಯೋಜಿಸಿದ ಅಮೆರಿಕದ ಮೊದಮೊದಲ ಮನೆಗಳಲ್ಲಿ ಅದೂ ಒಂದು. ಅದೇ ವರ್ಷ ಜೂನ್‌ನಲ್ಲಿ ಇಂಗ್ಲೆಂಡಿನ ರಾಜ ಆರನೇ ಜಾರ್ಜ್ ಮತ್ತು ರಾಣಿ ಅಲ್ಲಿ ಅತಿಥಿಗಳಾಗಿದ್ದರು.

1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿಯೇ ತೀರಿಕೊಂಡರು. ಸರಿಯಾಗಿ ಹತ್ತು ವರ್ಷದ ನಂತರ, ಅದೇ ದಿನ, ಜೋನಸ್ ಸಾಕ್ ಅವರ ಪೋಲಿಯೊ ಲಸಿಕೆ ಪರಿಣಾಮಕಾರಿ ಎಂದು ಘೋಷಿಸಲಾಯಿತು. ಅದರ ಸಂಶೋಧನೆಗೆ ಹಣ ಕೂಡಿಸಿದ ಸಂಸ್ಥೆಯನ್ನು ಕಟ್ಟಿದವರೂ ಅವರೇ.

ರೂಸ್‌ವೆಲ್ಟರ ಬಳಿ ಗುಡ್ಡ ಇತ್ತು, ಹಣ ಇತ್ತು. ನಮ್ಮ ಬಳಿ ಅಳತೆಪಟ್ಟಿ ಇತ್ತು. ಮುಂದಿನ ಸಲ ಅಬ್ಬಾ ಅದನ್ನು ಹಿಡಿದು ತಾವೇ ಮುಂದೆ ನಡೆದರು. ಬೆಲೆ ಕೇಳುವ ಮೊದಲು ಕಟ್ಟೆಯ ಎತ್ತರ, ಬಚ್ಚಲ ಬಾಗಿಲ ಅಗಲ ಅಳೆಯುವುದು ರೂಢಿಯಾಯಿತು. ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು. ಎರಡಡಿ ಕಟ್ಟೆಯಾದರೆ ಇಪ್ಪತ್ನಾಲ್ಕು ಅಡಿ. ಅಷ್ಟು ಅಂಗಳ ಎಷ್ಟು ಮನೆಗಿದೆ? ಕೊನೆಗೆ ಇಂಡಿಯಲ್ಲಿ ಒಂದಡಿ ಕಟ್ಟೆಯ ಸಣ್ಣ ಮನೆ ಸಿಕ್ಕಿತು. ಹನ್ನೆರಡು ಅಡಿ ಇಳಿಜಾರು ಹಾಕಿಸಿ, ಹೊಸ್ತಿಲು ತೆಗೆಸಿ, ಬಚ್ಚಲ ಬಾಗಿಲನ್ನು ಮೂರಡಿ ಮಾಡಿಸಿದೆವು. ಈಗ ಸಂಜೆ ಅಬ್ಬಾ ಯಾರನ್ನೂ ಕರೆಯದೆ ಬೀದಿಗೆ ಹೋಗಿ ಬರುತ್ತಾರೆ.

ಗೆಳೆಯರೇ, ನಿಮ್ಮ ಮನೆಯಲ್ಲಿ ಹೊಸ ಮನೆಯ ಮಾತು ಬಂದರೆ ನೀವೂ ಬಾಗಿಲು ಅಳೆಯಿರಿ. ಇಂದು ನಡೆಯುವ ನಮಗೂ ಮುಪ್ಪು ಬರುತ್ತದೆ. ಆಗ ಮನೆ ನಮ್ಮನ್ನು ಒಳಗೆ ಬಿಡಬೇಕಲ್ಲವೇ?