ಹೂವಿನ ರಸದಲ್ಲಿ ಆಮ್ಲವನ್ನು ಗುರುತಿಸಿದ ರಾಬರ್ಟ್ ಬಾಯ್ಲ್

ಆರತಿ ತಟ್ಟೆಯ ಓಕುಳಿ ಕೆಂಪಾಗುವುದು ಹೇಗೆಂದು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಯಾವ ಮನೆಯಲ್ಲಿ ಕೇಳಿದರೂ ಉತ್ತರ ಸಿದ್ಧವಿರುತ್ತದೆ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರಾಯಿತು. ಅಡಿಕೆ ತೋಟಗಳ ಆ ಸೀಮೆಯಲ್ಲಿ ಎಲೆ ಅಡಿಕೆಯ ಜತೆಗೆ ಸುಣ್ಣಕ್ಕೂ ಕೊರತೆಯಿಲ್ಲ. ಅದೇ ಅರಿಸಿನ, ಅದೇ ಸುಣ್ಣದ ತಿಳಿನೀರು ಶಾಲೆಯ ವಿಜ್ಞಾನ ಪಾಠಕ್ಕೆ ಬಂದಾಗ ಸೂಚಕ ಹಾಗೂ ಪ್ರತ್ಯಾಮ್ಲ ಎಂಬ ಹೆಸರುಗಳನ್ನು ಪಡೆಯುತ್ತವೆ. ಬೇಲಿಯಂಚಿನ ದಾಸವಾಳವನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದ ರಸವೂ ಪಾಠದ ಮೇಜಿಗೆ ಬರುತ್ತದೆ. ನಿಂಬೆರಸ ಬಿದ್ದರೆ ಅದು ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸೋಪಿನ ನೀರು ಬಿದ್ದರೆ ಹಸಿರಾಗುತ್ತದೆ.

ಸಸ್ಯಗಳ ಬಣ್ಣ ಹೀಗೆ ಬದಲಾಗುವುದು ಬಣ್ಣಗಾರರಿಗೂ ಔಷಧಿ ತಯಾರಕರಿಗೂ ಬಹಳ ಹಿಂದಿನಿಂದಲೇ ಗೊತ್ತಿತ್ತು. ಆದರೆ ಅದನ್ನು ವಸ್ತುಗಳ ಗುಣವನ್ನು ಅಳೆಯುವ ಕ್ರಮಬದ್ಧ ಪರೀಕ್ಷೆಯಾಗಿ ಮಾರ್ಪಡಿಸಿ 1664ರಲ್ಲಿ ಪುಸ್ತಕರೂಪದಲ್ಲಿ ಜಗತ್ತಿನ ಮುಂದಿಟ್ಟವನು ರಾಬರ್ಟ್ ಬಾಯ್ಲ್. ಅನಿಲದ ಒತ್ತಡ ಮತ್ತು ಗಾತ್ರಗಳ ನಿಯಮದಿಂದ ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಗೂ ಈತ ಪರಿಚಿತ. ದಾಸವಾಳದ ಪ್ರಯೋಗದೊಂದಿಗೆ ಮಾತ್ರ ಆತನ ಹೆಸರನ್ನು ಯಾರೂ ಜೋಡಿಸುವುದಿಲ್ಲ.

ಬಾಯ್ಲ್ ಜನಿಸಿದ್ದು 1627ರ ಜನವರಿ 25ರಂದು, ಐರ್ಲೆಂಡಿನ ಲಿಸ್ಮೋರ್ ಕೋಟೆಯಲ್ಲಿ. ಕಾರ್ಕ್ ಪ್ರಾಂತದ ಮೊದಲ ಅರ್ಲ್ ರಿಚರ್ಡ್ ಬಾಯ್ಲ್‌ನ ಹದಿನಾಲ್ಕನೆಯ ಮಗು ಆತ. ತಂದೆ 1588ರಲ್ಲಿ ಹೆಚ್ಚು ಕಾಸಿಲ್ಲದೆ ಇಂಗ್ಲೆಂಡಿನಿಂದ ಐರ್ಲೆಂಡಿಗೆ ಬಂದಿಳಿದು, ಅಲ್ಲಿನ ಭೂಮಿಯನ್ನು ಕೈವಶ ಮಾಡಿಕೊಳ್ಳುತ್ತ ದೇಶದ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನಾಗಿ ಬೆಳೆದವನು. ಮಗನ ಗಾಜಿನ ಪಾತ್ರೆ, ಕುಲುಮೆ, ಸಹಾಯಕರ ಸಂಬಳ ಎಲ್ಲಕ್ಕೂ ಮುಂದೆ ಹಣ ಒದಗಿದ್ದು ಆ ಐರಿಷ್ ಜಮೀನುಗಳ ಗೇಣಿಯಿಂದಲೇ ಎಂಬುದನ್ನು ಮರೆಯುವಂತಿಲ್ಲ.

ಶಿಶುವಾಗಿದ್ದಾಗ ಬಾಯ್ಲ್‌ನನ್ನು ಹಳ್ಳಿಯ ದಾದಿಯೊಬ್ಬಳ ಮನೆಯಲ್ಲಿ ಬೆಳೆಯಲು ಬಿಡಲಾಗಿತ್ತು. ಮೂರು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಬಾಲ್ಯದಲ್ಲಿ ಬೇರೆ ಮಕ್ಕಳ ಉಗ್ಗನ್ನು ಅಣಕಿಸಲು ಹೋಗಿ ತನಗೂ ಉಗ್ಗು ಅಂಟಿಕೊಂಡಿತೆಂದು ಆತ ನಂಬಿದ್ದ. ಎಂಟನೆಯ ವಯಸ್ಸಿಗೆ ಈಟನ್ ಶಾಲೆ, ಅನಂತರ 1639ರಲ್ಲಿ ಅಣ್ಣ ಫ್ರಾನ್ಸಿಸ್ ಮತ್ತು ಒಬ್ಬ ಉಪಾಧ್ಯಾಯನೊಂದಿಗೆ ಯೂರೋಪ್ ಪ್ರವಾಸ. ಜಿನೀವಾದಲ್ಲಿ ಒಂದು ರಾತ್ರಿಯ ಗುಡುಗು ಸಿಡಿಲಿಗೆ ಬೆಚ್ಚಿಬಿದ್ದ ಹುಡುಗ ದೈವಭಕ್ತಿಯ ಬದುಕಿನ ಸಂಕಲ್ಪ ತೊಟ್ಟ. ಆತ ಫ್ಲಾರೆನ್ಸ್‌ನಲ್ಲಿ ಗೆಲಿಲಿಯೋನ ವಿಚಾರಗಳನ್ನು ಓದುತ್ತಿದ್ದ ಚಳಿಗಾಲದಲ್ಲೇ, 1642ರ ಜನವರಿಯಲ್ಲಿ, ಗೆಲಿಲಿಯೋ ಆ ನಗರದ ಹತ್ತಿರದಲ್ಲೇ ಕೊನೆಯುಸಿರೆಳೆದ. ಐರ್ಲೆಂಡಿನಲ್ಲಿ ದಂಗೆಯೆದ್ದು ಹಣದ ಹರಿವು ನಿಂತುಹೋದ್ದರಿಂದ ಎರಡು ವರ್ಷ ಜಿನೀವಾದಲ್ಲೇ ಉಳಿಯಬೇಕಾಯಿತು. 1644ರಲ್ಲಿ ಇಂಗ್ಲೆಂಡಿಗೆ ಮರಳುವ ಹೊತ್ತಿಗೆ ತಂದೆ ಬದುಕಿರಲಿಲ್ಲ.

ಆಸರೆಯಾದವಳು ಅಕ್ಕ ಕ್ಯಾಥರೀನ್, ಅರ್ಥಾತ್ ಲೇಡಿ ರಾನಲೇ. ತನಗಿಂತ ಹನ್ನೆರಡು ವರ್ಷ ಹಿರಿಯಳಾದ ಆಕೆಯೊಡನೆ ಬಾಯ್ಲ್ ಹೊಂದಿದ್ದ ಸ್ನೇಹ ಕೊನೆಯವರೆಗೂ ಉಳಿಯಿತು. ಆತ ಮದುವೆಯಾಗಲಿಲ್ಲ. ತಂದೆಯಿಂದ ಬಂದ ಡಾರ್ಸೆಟ್ ಪ್ರಾಂತದ ಸ್ಟಾಲ್‌ಬ್ರಿಜ್ ಮನೆಯಲ್ಲಿ ಪ್ರಯೋಗಶಾಲೆ ಹೂಡಲು 1647ರಲ್ಲಿ ತರಿಸಿದ ಮಣ್ಣಿನ ಕುಲುಮೆ ದಾರಿಯಲ್ಲೇ ಒಡೆದು ಚೂರಾಗಿ ತಲುಪಿತು. ಆ ಹತಾಶೆಯನ್ನು ಆತ ಅಕ್ಕನಿಗೇ ಬರೆದು ತೋಡಿಕೊಂಡ. ಕೆಲಸ ಕೈಗೂಡಲು ಇನ್ನೂ ಒಂದೆರಡು ವರ್ಷ ಹಿಡಿಯಿತು.

1650ರ ದಶಕದ ಮಧ್ಯದಲ್ಲಿ ಬಾಯ್ಲ್ ಆಕ್ಸ್‌ಫರ್ಡಿಗೆ ಬಂದ. ಅಲ್ಲಿ ರಾಬರ್ಟ್ ಹುಕ್ ಎಂಬ ಚತುರ ಯುವಕ ಸಹಾಯಕನಾಗಿ ಸಿಕ್ಕಿದ. ಹುಕ್‌ನ ಕೈಚಳಕದಿಂದ ಸಿದ್ಧವಾದ ವಾಯುರೇಚಕ ಯಂತ್ರದ ಪ್ರಯೋಗಗಳು 1660ರಲ್ಲಿ ಪ್ರಕಟವಾದವು. ಅದೇ ವರ್ಷದ ನವೆಂಬರಿನಲ್ಲಿ ಲಂಡನ್ನಿನಲ್ಲಿ ಸೇರಿದ ಹನ್ನೆರಡು ಮಂದಿ ಮುಂದೆ ರಾಯಲ್ ಸೊಸೈಟಿಯಾದ ಸಂಸ್ಥೆಗೆ ಅಡಿಪಾಯ ಹಾಕಿದಾಗ ಬಾಯ್ಲ್ ಅವರಲ್ಲೊಬ್ಬನಾಗಿದ್ದ. ಪಠ್ಯಪುಸ್ತಕದ ನಿಯಮ ಬಂದದ್ದು 1662ರಲ್ಲಿ. ಅದರ ಹಿಂದಿನ ವರ್ಷ ಹೊರಬಂದ ದಿ ಸ್ಕೆಪ್ಟಿಕಲ್ ಕಿಮಿಸ್ಟ್ ಎಂಬ ಗ್ರಂಥದಲ್ಲಿ ಆತ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ಹಳೆಯ ನಾಲ್ಕು ಮೂಲವಸ್ತುಗಳನ್ನೂ, ಉಪ್ಪು, ಗಂಧಕ, ಪಾದರಸ ಎಂಬ ರಸವಾದಿಗಳ ಮೂರು ತತ್ತ್ವಗಳನ್ನೂ ಪ್ರಶ್ನಿಸಿದ್ದ. ಪಂಚಭೂತಗಳ ಲೆಕ್ಕದಲ್ಲಿ ಬೆಳೆದ ನಮಗೆ ಆ ಪ್ರಶ್ನೆಯ ಧಾರ್ಷ್ಟ್ಯವನ್ನು ಊಹಿಸುವುದು ಕಷ್ಟವಲ್ಲ.

ವಯೊಲೆಟ್ ಪಾಕ

ಬಣ್ಣಗಳ ಕುರಿತ ಗ್ರಂಥ 1664ರದು. ನೂರಾರು ಪುಟಗಳ ಆ ಪುಸ್ತಕದಲ್ಲಿ ಬೆರಳಿನಿಂದ ಮುಟ್ಟಿ ಬಣ್ಣ ಹೇಳಬಲ್ಲನೆಂದು ಹೆಸರಾಗಿದ್ದ ಮಾಸ್ಟ್ರಿಖ್ಟ್ ನಗರದ ಕುರುಡನೊಬ್ಬನ ವೃತ್ತಾಂತ ಸಹ ಉಂಟು. ಸ್ವತಃ ಬಾಯ್ಲ್‌ಗೆ ದೃಷ್ಟಿ ದುರ್ಬಲವಾಗಿತ್ತು. ತಾನು ಹೇಳಿದ್ದನ್ನು ಬರೆದುಕೊಳ್ಳಲು ಲಿಪಿಕಾರರನ್ನು ಇಟ್ಟುಕೊಂಡಿದ್ದ. ಕಣ್ಣು ಸೋತ ಮನುಷ್ಯ ಕಣ್ಣನ್ನೇ ನಂಬಬೇಕಾದ ವಿಷಯವನ್ನು ಆರಿಸಿಕೊಂಡದ್ದು ವಿಚಿತ್ರವೇ ಸರಿ.

ಆಮ್ಲದ ಹೊಗೆ ತಾಗಿದ ಹೂಗೊಂಚಲನ್ನು ತೊಳೆಯುವಾಗ ಬಾಯ್ಲ್ ಆಕಸ್ಮಿಕವಾಗಿ ಬಣ್ಣದ ಬದಲಾವಣೆ ಕಂಡನೆಂಬ ಕಥೆ ಮಕ್ಕಳ ಪುಸ್ತಕಗಳಲ್ಲಿ ಓಡಾಡುತ್ತದೆ. ಗ್ರಂಥದ ಪ್ರಯೋಗ ಅಷ್ಟು ನಾಟಕೀಯವಾಗಿಲ್ಲ. ಅಲ್ಲಿ ಬಳಕೆಯಾಗಿರುವುದು ಅಂದಿನ ಔಷಧಿ ಅಂಗಡಿಗಳಲ್ಲಿ ದೊರೆಯುತ್ತಿದ್ದ ವಯೊಲೆಟ್ ಹೂವಿನ ಸಕ್ಕರೆ ಪಾಕ. ಬಿಳಿ ಕಾಗದದ ಮೇಲೆ ಆ ನೀಲಿ ಪಾಕದ ಹನಿಯಿಟ್ಟು, ಅದಕ್ಕೆ ಎರಡು ಮೂರು ತೊಟ್ಟು ವಿನೆಗರ್ ಇಲ್ಲವೇ ಉಪ್ಪಿನಿಂದ ಬಟ್ಟಿಯಿಳಿಸಿದ ಆಮ್ಲ ಬಿಟ್ಟರೆ ಕೆಂಪು. ಮರದ ಬೂದಿಯ ಕ್ಷಾರವನ್ನು ಬಿಟ್ಟರೆ ಹಸಿರು. ಆಮ್ಲದ ಕೆಂಪು ಔಷಧಿ ತಯಾರಕರಿಗೆ ಹೊಸದೇನಲ್ಲವೆಂದು ಆತನೇ ಒಪ್ಪಿಕೊಂಡಿದ್ದ. ಆತ ಸೇರಿಸಿದ್ದು ವ್ಯಾಪ್ತಿಯನ್ನು. ಕೈಗೆ ಸಿಕ್ಕಿದ ಆಮ್ಲಗಳನ್ನೆಲ್ಲ, ಕ್ಷಾರಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಬೇರೆ ಬೇರೆ ಹೂ ಹಣ್ಣುಗಳಲ್ಲೂ ಅದನ್ನು ಮರುಕಳಿಸಿ ನೋಡಿ, ಇದು ವಯೊಲೆಟ್ಟಿನ ವಿಶೇಷವಲ್ಲ, ಆಮ್ಲ ಮತ್ತು ಕ್ಷಾರಗಳ ಸಾಮಾನ್ಯ ಲಕ್ಷಣ ಎಂದು ತೋರಿಸಿದ. ಹೊಲದ ನೀಲಿ ಕಾರ್ನ್‌ಫ್ಲವರ್ ಪರೀಕ್ಷೆಗೆ ಬಂತು. ಬಣ್ಣವೇ ಇಲ್ಲದ ಮಲ್ಲಿಗೆಯ ಎಸಳನ್ನೂ ಕಾಗದಕ್ಕೆ ಉಜ್ಜಿ ಕ್ಷಾರ ಹಾಕಿ ನೋಡಿದ, ಅದು ಹಸಿರು ಮಿಶ್ರಿತ ಹಳದಿಗೆ ತಿರುಗಿತು.

ಅಲ್ಲಿಗೇ ನಿಲ್ಲಿಸಿದ್ದರೆ ಅದೊಂದು ಸೊಗಸಾದ ಜಾದೂ ಆಗಿ ಉಳಿಯುತ್ತಿತ್ತು. ಆಗ ಯೂರೋಪಿನಲ್ಲಿ ಸಿಲ್ವಿಯಸ್, ಟಾಕೇನಿಯಸ್ ಮೊದಲಾದವರ ಒಂದು ಸಿದ್ಧಾಂತಕ್ಕೆ ಬಲವಾದ ಬೆಂಬಲವಿತ್ತು. ಜಗತ್ತಿನ ವಸ್ತುಗಳಲ್ಲೂ ಮನುಷ್ಯನ ದೇಹದಲ್ಲೂ ನಡೆಯುವುದೆಲ್ಲ ಆಮ್ಲ ಮತ್ತು ಕ್ಷಾರಗಳ ಜಗಳ ಎಂಬುದು ಅದರ ಸಾರ. ವೈದ್ಯರು ರೋಗಗಳನ್ನೂ ಅದೇ ಲೆಕ್ಕದಲ್ಲಿ ವಿವರಿಸುತ್ತಿದ್ದರು. ಅಂದರೆ ಇದು ಪಂಡಿತರ ಹರಟೆಯಾಗಿರಲಿಲ್ಲ, ರೋಗಿಗೆ ಯಾವ ಮದ್ದು ಕೊಡಬೇಕೆಂಬ ಪ್ರಶ್ನೆಯಾಗಿತ್ತು. ಬಾಯ್ಲ್‌ನ ಹೂವಿನ ರಸ ಬೇರೆಯದನ್ನೇ ಹೇಳಿತು. ಕೆಲವು ವಸ್ತುಗಳು ಅದನ್ನು ಕೆಂಪಾಗಿಸಲೂ ಇಲ್ಲ, ಹಸಿರಾಗಿಸಲೂ ಇಲ್ಲ. ಎರಡರ ಹೊರಗೆ ಮೂರನೆಯ ಗುಂಪೊಂದಿದೆ ಎಂದರೆ ಎರಡೇ ಗುಂಪಿನ ಸಿದ್ಧಾಂತ ನಿಲ್ಲುವುದೆಂತು? ಕ್ಷಾರಗಳೆಲ್ಲ ಒಂದೇ ಬಗೆಯವಲ್ಲ ಎಂಬುದನ್ನೂ ಆತ ಪಾದರಸದ ಲವಣದ ದ್ರಾವಣದಿಂದ ಕಂಡುಕೊಂಡಿದ್ದ. ಬೂದಿಯ ಕ್ಷಾರಕ್ಕೆ ಅದು ಕಿತ್ತಳೆ ಬಣ್ಣದ ಗಸಿ ಕೊಡುತ್ತದೆ, ಅಮೋನಿಯದಂತಹ ಆವಿಯಾಗುವ ಕ್ಷಾರಕ್ಕೆ ಬಿಳಿ ಗಸಿ. 1675ರಲ್ಲಿ ಆಮ್ಲ–ಕ್ಷಾರ ಸಿದ್ಧಾಂತದ ವಿಮರ್ಶೆಯನ್ನೇ ಪ್ರತ್ಯೇಕವಾಗಿ ಪ್ರಕಟಿಸಿದ.

ಈ ಎಚ್ಚರ ಶಾಲೆಯ ಮೇಜಿನ ಮೇಲೂ ಬೇಕಾದದ್ದು. ಅರಿಸಿನದ ಕಾಗದಕ್ಕೆ ನಿಂಬೆರಸ ಹಾಕಿದ ವಿದ್ಯಾರ್ಥಿ ಬಣ್ಣ ಬದಲಾಗಲಿಲ್ಲವೆಂದು ನೋಡಿ ಆಮ್ಲ ಎಂದು ಬರೆದುಬಿಡುವುದುಂಟು. ಉತ್ತರ ಸರಿ, ಕಾರಣ ತಪ್ಪು. ಬರಿಯ ನೀರು ಹಾಕಿದರೂ ಅರಿಸಿನ ಹಳದಿಯಾಗಿಯೇ ಇರುತ್ತದೆ. ಅದರಲ್ಲಿರುವ ಕರ್ಕ್ಯುಮಿನ್ ಆಮ್ಲದಲ್ಲೂ ತಟಸ್ಥ ದ್ರಾವಣದಲ್ಲೂ ಹಳದಿ, ಪ್ರತ್ಯಾಮ್ಲದಲ್ಲಿ ಮಾತ್ರ ಕೆಂಪು ಕಂದು. ಬಿಳಿ ಪಂಚೆಯ ಸಾರಿನ ಕಲೆಗೆ ಸೋಪು ತಾಗಿದೊಡನೆ ಕೆಂಪಾಗಿ, ಚೆನ್ನಾಗಿ ಜಾಲಾಡಿದ ಮೇಲೆ ಮತ್ತೆ ಹಳದಿಯಾಗುವುದು ಇದರಿಂದಲೇ. ಹಾಗಾಗಿ ಅರಿಸಿನ ಸುಣ್ಣವನ್ನು ಪತ್ತೆಹಚ್ಚಬಲ್ಲದು, ನಿಂಬೆಯನ್ನಲ್ಲ. ಎರಡನ್ನೂ ಬಲ್ಲದ್ದು ದಾಸವಾಳ, ಶಂಖಪುಷ್ಪ, ನೇರಳೆ ಹಣ್ಣುಗಳ ಆಂಥೋಸಯನಿನ್ ವರ್ಣಕ. ಆಮ್ಲದಲ್ಲಿ ಅದರ ಅಣುವಿಗೆ ಧನ ವಿದ್ಯುದಂಶವಿದ್ದು ಕೆಂಪು ಕಾಣುತ್ತದೆ. ಪ್ರತ್ಯಾಮ್ಲದಲ್ಲಿ ಪ್ರೋಟಾನ್ ಕಳೆದುಕೊಂಡು ನೀಲಿಯತ್ತ ಸರಿಯುತ್ತದೆ, ರಸದಲ್ಲಿ ಮೂಡುವ ಹಳದಿಯೂ ಬೆರೆತು ಕಣ್ಣಿಗೆ ಹಸಿರು. ಬೀಟ್‌ರೂಟ್ ಇವುಗಳ ಹಾಗೆಯೇ ಕೆಂಪಾದರೂ ಅದರ ವರ್ಣಕದ ಜಾತಿ ಬೇರೆ. ನಿಂಬೆರಸಕ್ಕೆ ಜಗ್ಗದ ಅದು ತೀವ್ರ ಕ್ಷಾರದಲ್ಲಿ ಮಾತ್ರ ಹಳದಿಯಾಗುತ್ತದೆ.

ಬಾಯ್ಲ್‌ಗೆ ಈ ಒಳಗುಟ್ಟು ತಿಳಿದಿರಲಿಲ್ಲ, ತಿಳಿಯುವ ಸಾಧನವೂ ಇರಲಿಲ್ಲ. ವಯೊಲೆಟ್ ಪಾಕ ಮಾತ್ರ ಚಿಲುಮೆ ನೀರುಗಳನ್ನು ಪರೀಕ್ಷಿಸುವವರ ಪೆಟ್ಟಿಗೆಯಲ್ಲಿ ಹದಿನೆಂಟನೆಯ ಶತಮಾನದುದ್ದಕ್ಕೂ ಉಳಿಯಿತು. ಉಗಿಯಂತ್ರದ ಜೇಮ್ಸ್ ವ್ಯಾಟ್ 1784ರಲ್ಲಿ ಅದರ ಬದಲಿಗೆ ಕೆಂಪು ಎಲೆಕೋಸಿನ ರಸ ಬಳಸುವ ವಿಧಾನವನ್ನು ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. 1909ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ಪಿಎಚ್ ಮಾನವನ್ನು ಕೊಟ್ಟ ಬಳಿಕ ಬಣ್ಣಕ್ಕೆ ಅಂಕಿಯೂ ದಕ್ಕಿತು.

ವಿರೋಧಾಭಾಸಗಳ ಮನುಷ್ಯ

ಬಾಯ್ಲ್‌ನನ್ನು ಅಪ್ಪಟ ಆಧುನಿಕ ವಿಜ್ಞಾನಿಯಾಗಿ ಚಿತ್ರಿಸುವುದು ಸಲ್ಲದು. ರಸವಾದಿಗಳ ತತ್ತ್ವವನ್ನು ಖಂಡಿಸಿದ ಆತ ಕೀಳು ಲೋಹ ಚಿನ್ನವಾಗಬಲ್ಲುದೆಂದು ಕಡೆಯವರೆಗೂ ನಂಬಿದ್ದ. ಕೃತಕವಾಗಿ ಚಿನ್ನ ತಯಾರಿಸುವುದನ್ನು ನಿಷೇಧಿಸಿದ್ದ ಹಳೆಯ ಕಾನೂನು 1689ರಲ್ಲಿ ರದ್ದಾಗಲು ಆತನ ಪ್ರಯತ್ನವೂ ಕಾರಣ. ಕೆಲಕಾಲ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮಂಡಳಿಯಲ್ಲಿ ಕುಳಿತಿದ್ದವನೂ ಹೌದು. ಸುವಾರ್ತೆಗಳ ಮಲಯ ಭಾಷಾಂತರಕ್ಕೂ ಬೈಬಲ್ಲಿನ ಐರಿಷ್ ಮುದ್ರಣಕ್ಕೂ ಹಣ ಕೊಟ್ಟ.

1668ರಲ್ಲಿ ಲಂಡನ್ನಿನ ಪಾಲ್ ಮಾಲ್ ಬೀದಿಯ ಅಕ್ಕನ ಮನೆಗೆ ವಾಸ ಬದಲಿಸಿದ. ಎರಡು ವರ್ಷಗಳಲ್ಲಿ ಪಾರ್ಶ್ವವಾಯು ಬಡಿದು, ನಿಧಾನವಾಗಿ ಚೇತರಿಸಿಕೊಂಡ. 1680ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿ ಆಯ್ಕೆಯಾದಾಗ, ಪ್ರಮಾಣವಚನ ಸ್ವೀಕರಿಸಲು ಮನಸ್ಸಾಕ್ಷಿ ಒಪ್ಪದೆಂದು ಆ ಸ್ಥಾನವನ್ನೇ ನಿರಾಕರಿಸಿದ. ಪ್ರಯೋಗ ನೋಡಲು ಬರುವವರ ದಂಡು ಮಾತ್ರ ಕರಗಲಿಲ್ಲ. ಕೊನೆಯ ವರ್ಷಗಳಲ್ಲಿ ಭೇಟಿಯ ಹೊತ್ತನ್ನು ಮಿತಿಗೊಳಿಸಬೇಕಾಯಿತು.

1691ರ ಡಿಸೆಂಬರ್ 23ರಂದು ಅಕ್ಕ ಕಣ್ಮುಚ್ಚಿದಳು. ಒಂದು ವಾರದಲ್ಲೇ, ವರ್ಷ ಮುಗಿಯುವ ಹೊತ್ತಿಗೆ, ತಮ್ಮನೂ ತೀರಿಕೊಂಡ. ಇಬ್ಬರನ್ನೂ ಸೇಂಟ್ ಮಾರ್ಟಿನ್ ಇನ್ ದಿ ಫೀಲ್ಡ್ಸ್ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. 1720ರ ದಶಕದಲ್ಲಿ ಆ ಚರ್ಚನ್ನು ಕೆಡವಿ ಹೊಸದಾಗಿ ಕಟ್ಟಿದಾಗ ಬಾಯ್ಲ್‌ನ ಸಮಾಧಿಯ ಗುರುತು ಅಳಿಸಿಹೋಯಿತು.